ಅಜ್ಜಿಯ ಕೆನ್ನೆಯ ಹಳದಿ

ಹಿಂದಿನ ಕಾಲದ ದೊಡ್ಡ ಕಲಾವಿದರೊಬ್ಬರು ಬರೆದ ತೈಲಚಿತ್ರವದು. ಅಟ್ಟೂರಿನ ಗಂಗರತ್ನಮ್ಮ ತಮ್ಮ ಅಜ್ಜಿಯ ಆ ಭಾವಚಿತ್ರವನ್ನು ಶುಚಿಮಾಡಿಕೊಡಲೆಂದು ಚಿತ್ರಕಲಾ ಗುರು ಸುಬ್ರಮಣಿಯವರಿಗೆ ಒಪ್ಪಿಸಿದ್ದರು. ಮತ್ತಿಕೆರೆಯ ಅವರ ಮಹಡಿ ಕೋಣೆಯಲ್ಲಿ ಶಿಷ್ಯೆ ಕೀರ್ತಿ ಅದನ್ನೇ ನಕಲು ಮಾಡುತ್ತ ಕಲೆ ಕಲಿಯುತ್ತಿದ್ದಳು.

ಅವಳು ಕೆನ್ನೆಗೆ ಗುಲಾಬಿ ಹಚ್ಚಿದೊಡನೆ ಗುರುಗಳು ಕೈ ಹಿಡಿದರು. "ಹಳದಿ ಬೆರೆಸಮ್ಮ. ಅಲ್ಲಿರೋ ಥರಾನೇ ಬರ್ಬೇಕು."

"ಸರ್, ಅದು ಹಳೇ ವಾರ್ನಿಶ್ ಬಣ್ಣ ಐತ್ರಿ, ಅಜ್ಜಿ ಬಣ್ಣ ಅಲ್ಲ. ಕಲಿಯಾಕ ಅದ್ಯಾಕ ಬೇಕ್ರಿ?"

"ಹುಬ್ಬಳ್ಳಿಯವ್ರಿಗೆ ಬಾಯಿ ಜಾಸ್ತಿ ಕಣಮ್ಮ. ಹಳೇ ಬಣ್ಣದಲ್ಲಿರೋ ಆ ಬಿರುಕುಗಳನ್ನೂ ಬರಿ."

ಅಳತೆ ಕೂದಲೆಳೆಯಷ್ಟೂ ತಪ್ಪಬಾರದೆಂದು ಗುರುಗಳು ಹೇಳಿದ್ದು, ಹಳೆಯ ಕ್ಯಾನ್ವಾಸನ್ನೇ ಹುಡುಕಿ ತಂದದ್ದು, ಎಲ್ಲಕ್ಕೂ ಕೀರ್ತಿಗೆ ಈಗ ಅರ್ಥ ಹೊಳೆಯಿತು. ಅಸಲು ಇಲ್ಲೇ ಉಳಿದು ಅಟ್ಟೂರಿಗೆ ಮರಳುವುದು ತನ್ನ ನಕಲೇ ಆದರೆ, ಆ ಕಳ್ಳತನದಲ್ಲಿ ತನ್ನ ಕೈಯೂ ಇದ್ದಂತೆ.

ಅವಳು ಕುಂಚವನ್ನು ಕೆಂಪಿನಲ್ಲಿ ಅದ್ದಿ, ನಕಲಿನಲ್ಲಿ ಇನ್ನೂ ಹಸಿಯಾಗಿದ್ದ ಅಜ್ಜಿಯ ಸೆರಗಿನ ಮೇಲೆ ತನ್ನ ಹೆಸರನ್ನೂ ಇಸವಿಯನ್ನೂ ದಪ್ಪಗೆ ಬರೆದಳು.

"ಅಯ್ಯೋ, ಏನ್ ಮಾಡ್ದೆ! ಇನ್ನು ಆಯಮ್ಮಂಗೆ ಇದನ್ನ ಹೆಂಗ್ ಕೊಡ್ಲಿ?"

ಮಾತು ಜಾರಿದ ಮೇಲೆ ಸುಬ್ರಮಣಿ ತುಟಿ ಕಚ್ಚಿಕೊಂಡರು. ಕೀರ್ತಿ ಅಸಲು ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡಳು.

"ಇದನ್ನ ನಾನೇ ಮುಟ್ಟಿಸಿ ಬರ್ತೀನ್ರಿ" ಎಂದು ಮೆಟ್ಟಿಲಿಳಿದಳು.