ಟೈಲರ್ ತಾತನ ಮೊಮ್ಮಗಳು ನೆಲಕ್ಕಿಳಿದಳು

ಟೈಲರ್ ತಾತನ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಅಂಗಿಯ ಗುಂಡಿಯ ಹಾಗೆ ದುಂಡಗಿದ್ದ ಅವಳನ್ನು ಎಲ್ಲರೂ ‘ಗುಂಡಿ’ ಎಂದೇ ಕರೆಯುತ್ತಿದ್ದರು. ಚೆನ್ನಾಗಿ ಕೂರುತ್ತಿದ್ದಳು, ಕೇಕೆ ಹಾಕುತ್ತಿದ್ದಳು. ಆದರೆ ಅಂಬೆಗಾಲಿಡುವ ಮಾತೇ ಇರಲಿಲ್ಲ. ಪಕ್ಕದ ಮನೆಯ ಮಗು ಇವಳಿಗಿಂತ ಹದಿನೈದು ದಿನ ಚಿಕ್ಕದು, ಆಗಲೇ ಮಂಚದ ಕೆಳಗೆ ನುಗ್ಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಗುಂಡಿಯ ಅಮ್ಮನಿಗೆ ಚಿಂತೆಯಾಗುತ್ತಿತ್ತು.

ಒಂದು ದಿನ ಊರಿನ ಆಸ್ಪತ್ರೆಯ ನರ್ಸಕ್ಕ ತಮ್ಮ ಯೂನಿಫಾರ್ಮಿನ ತೋಳು ಸಡಿಲ ಮಾಡಿಸಲು ಮನೆಯ ಮುಂಭಾಗದಲ್ಲೇ ಇದ್ದ ತಾತನ ಹೊಲಿಗೆ ಅಂಗಡಿಗೆ ಬಂದರು. ಅಮ್ಮ ಮೆಲ್ಲಗೆ ಕೇಳಿದಳು, “ಅಕ್ಕಾ, ನನ್ನ ಮಗಳಿಗೆ ಏನಾದ್ರೂ ತೊಂದ್ರೆ ಇದೆಯಾ?”

ನರ್ಸಕ್ಕ ಸ್ಟೂಲಿನ ಮೇಲೆ ಕೂತು ಮಗುವನ್ನು ಗಮನಿಸಿದರು. ಗುಂಡಿ ಬಟ್ಟೆ ಬುಟ್ಟಿಯಲ್ಲಿ ಮಹಾರಾಣಿಯಂತೆ ಕೂತಿದ್ದಳು. ದೊಡ್ಡದೊಂದು ಖಾಲಿ ದಾರದ ರೀಲಿನ ಕಡೆ ನೋಡಿ “ಊಂ” ಎಂದಳು. ತಾತ ಮೆಷಿನ್ ನಿಲ್ಲಿಸಿ ಓಡಿಬಂದು ಕೈಗಿತ್ತರು. ಅದು ಬಿತ್ತು. “ಊಂ.” ತಾತ ಮತ್ತೆ ಹಾಜರ್.

“ತಾತ, ಕೂತಲ್ಲೇ ಎಲ್ಲಾ ಬರುತ್ತೆ. ಅವಳಾದ್ರೂ ಯಾಕೆ ಮೈ ಬಗ್ಗಿಸ್ತಾಳೆ?” ಎಂದರು ನರ್ಸಕ್ಕ.

ತಾತನಿಗೆ ಸಿಟ್ಟು ಬಂತು. “ನೆಲದ ತುಂಬಾ ಗುಂಡುಸೂಜಿ ಕಣಮ್ಮ! ಕೂಸನ್ನ ಇಲ್ಲಿ ಬಿಡು ಅಂತೀಯಾ?”

“ನಿಮ್ಮ ಭಯ ನಿಜ. ಇಲ್ಲಿ ಖಂಡಿತ ಬೇಡ, ಒಳಗಿನ ಕೋಣೆ ಇದೆಯಲ್ಲ. ಒಂದು ಮಾತು ಕೇಳ್ಲಾ? ಸೊಸೆಗೆ ಹೊಲಿಗೆ ಹೇಗೆ ಕಲಿಸಿದ್ರಿ?”

“ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟೆ. ಕತ್ತರಿ ಅವಳೇ ಹಿಡಿದ್ಲು. ನಾನು ಪಕ್ಕದಲ್ಲಿ ನಿಂತಿದ್ದೆ.”

“ನಿಮ್ಮ ಪೈಜಾಮದ ಒಂದು ಕಾಲು ಗಿಡ್ಡ ಮಾಡಿದ್ದೆ ಮಾವ,” ಎಂದು ಗುಂಡಿಯ ಅಮ್ಮ ನಕ್ಕಳು.

“ಇನ್ನೂ ಅದನ್ನೇ ಹಾಕ್ಕೊಳ್ತಿದ್ದೀನಲ್ಲಮ್ಮ,” ಎಂದ ತಾತನಿಗೆ ಅಷ್ಟರಲ್ಲೇ ನರ್ಸಕ್ಕನ ಮಾತಿನ ಅರ್ಥ ಹೊಳೆಯಿತು. ಆಮೇಲೆ ಸೂಜಿ ಹೆಕ್ಕುವ ಅಯಸ್ಕಾಂತ ಹಿಡಿದು ಒಳಕೋಣೆಯ ಮೂಲೆಮೂಲೆಗೂ ಎಳೆದರು. ಎರಡು ಸೂಜಿ ಸಿಕ್ಕವು. ಸೊಸೆ ನೆಲ ಒರೆಸಿ ಚಾಪೆ ಹಾಸಿ ಮಗಳನ್ನು ಕೂರಿಸಿದಳು. ನರ್ಸಕ್ಕ ರೀಲನ್ನು ಒಂದು ಗೇಣು ದೂರ ಇಟ್ಟರು.

“ಊಂ,” ಎಂದಳು ಗುಂಡಿ. ಯಾರೂ ಅಲುಗಲಿಲ್ಲ. ಇನ್ನೂ ಜೋರಾಗಿ “ಊಂ!” ತಾತನ ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗಿಟ್ಟು ಅದರ ಮೇಲೇ ಕೂತುಬಿಟ್ಟರು. ಗುಂಡಿ ಮುಂದಕ್ಕೆ ಬಗ್ಗಿ ಬೋರಲು ಬಿದ್ದಳು. ಒಂದು ಕೈ ಹೊಟ್ಟೆಯಡಿ ಸಿಕ್ಕಿಕೊಂಡಿತು. ಅಳು ಶುರುವಾಯಿತು.

“ಈಗ ಸಹಾಯ ಮಾಡು. ಕೈ ಬಿಡಿಸು, ಅಷ್ಟೇ. ರೀಲು ಕೊಡ್ಬೇಡ,” ಎಂದು ನರ್ಸಕ್ಕ ಅಮ್ಮನಿಗೆ ಹೇಳಿದರು.

ಅಮ್ಮ ಕೈ ಬಿಡಿಸಿ, ಮಗಳ ಪಾದಕ್ಕೆ ತನ್ನ ಅಂಗೈ ಆನಿಸಿದಳು. ಗುಂಡಿ ಅದನ್ನು ಒದ್ದು ಬೆರಳಷ್ಟು ಮುಂದೆ ಜಾರಿದಳು. ಮತ್ತೆ ಒದ್ದಳು. ರೀಲು ಸಿಕ್ಕಿತು! ಅಮ್ಮನ ಕಣ್ಣು ತುಂಬಿ ಬಂತು.

“ಎಲ್ಲಾ ಮಕ್ಕಳೂ ಒಂದೇ ದಿನಕ್ಕೆ ಕಲಿಯಲ್ಲ ಕಣೇ. ದಿನಾ ಹೀಗೆ ಆಡಿಸು. ಬದಲಾವಣೆ ಕಾಣದಿದ್ರೆ ಮನಸ್ಸಲ್ಲೇ ಕೊರಗಬೇಡ, ಡಾಕ್ಟರಿಗೆ ತೋರಿಸೋಣ,” ಎಂದರು ನರ್ಸಕ್ಕ.

‘ನಾಳೆ ಕೊಡ್ತೀನಿ’ ಎಂದು ತಾತ ಇಟ್ಟುಕೊಂಡ ಯೂನಿಫಾರ್ಮಿಗೆ ಟೈಲರ್ ಲೆಕ್ಕದ ‘ನಾಳೆ’ ಬರಲು ಮೂರು ವಾರ ಹಿಡಿಯಿತು. ನರ್ಸಕ್ಕ ಒಯ್ಯಲು ಬಂದಾಗ ಮೆಷಿನ್ ಹತ್ತಿರ ಯಾರೂ ಇಲ್ಲ. ಒಳಕೋಣೆಯಿಂದ ತಾತನ ಕೂಗು ಕೇಳಿಸಿತು: “ಸ್ವಲ್ಪ ನಿಲ್ಲೇ ತಾಯಿ! ನನ್ನ ಮಂಡಿ ನಿನ್ನಷ್ಟು ಗಟ್ಟಿಯಿಲ್ಲ!” ಇಣುಕಿದರೆ, ಗುಂಡಿ ಅಂಬೆಗಾಲಲ್ಲಿ ಮುಂದೆ, ತಾತ ಅಂಬೆಗಾಲಲ್ಲಿ ಹಿಂದೆ.

ನಿಮ್ಮ ಮನೆಯಲ್ಲೂ ಕೂಸಿದೆಯೇ? ಮೊದಲು ನೆಲ ನೋಡಿ, ಚುಚ್ಚುವಂಥದ್ದು, ನುಂಗುವಂಥದ್ದು ಎಲ್ಲ ತೆಗೆಯಿರಿ. ಕೂಸನ್ನು ಇಳಿಸಿ ಪಕ್ಕದಲ್ಲೇ ಇರಿ. ಸಿಕ್ಕಿಕೊಂಡಾಗ ನೆರವಾಗಿ. ಉಳಿದ ಹೊತ್ತು, ಕಷ್ಟವಾದರೂ ಸರಿ, ನಿಮ್ಮ ಕೈಯ ಮೇಲೆ ನೀವೇ ಕೂತುಬಿಡಿ.