ಶುಕ್ರವಾರ ಕೆಡುವ ಹಳ್ಳ

ತೊಂಬತ್ತನಾಲ್ಕನೇ ಇಸವಿ. ಸಿಂಧನೂರು ತಾಲೂಕಿನ ತುರ್ವಿಹಾಳದ ಆಚೆಯ ಒಂದು ಹಳ್ಳಿ. ನಾಟಿ ಕೂಲಿಯ ತಿಮ್ಮವ್ವ ಹಳ್ಳದ ದಂಡೆಯಲ್ಲಿ ಕೂತು ಕಾಲು ಕೆರೆದುಕೊಳ್ಳುತ್ತಿದ್ದಳು. ಮೊಣಕಾಲತನಕ ಗುಳ್ಳೆ. ಮೇಲ್ಗಡೆ ಅಕ್ಕಿ ಮಿಲ್ಲು, ಅದರ ಮಗ್ಗುಲಿಗೆ ದೊಡ್ಡ ಕೋಳಿ ಫಾರಂ ಬಂದ ಮೇಲೆ ನೀರು ಕೆಟ್ಟಿತ್ತು. ಮೊನ್ನೆ ಅದನ್ನು ಕುಡಿದ ಅವಳ ಎಮ್ಮೆಕರು ಸತ್ತೇಹೋಗಿತ್ತು.

ನೆರೆಮನೆಯ ಕರೀಮಾಬಿ ಬಂದು ಪಕ್ಕದಲ್ಲಿ ಕೂತಳು. ಅವಳು ವಯಸ್ಕರ ಶಾಲೆಯಲ್ಲಿ ಓದು ಬರಹ ಕಲಿತವಳು.

"ಯಕ್ಕಾ, ದಿನಾ ಮುಂಜಾನಿ ನೀರು ನೋಡಿ ಬರದಿಡೂಣು. ಬಣ್ಣ ಹೆಂಗೈತಿ, ವಾಸ್ನಿ ಹೆಂಗೈತಿ, ಮೀನು ಸತ್ತಾವೇನು, ಅಷ್ಟ."

"ಬರದ್ರ ನೀರು ತಿಳಿ ಆಗ್ತಾವೇನು? ಕೂಲಿ ಮಾಡಿ ನಡಾ ಹಿಡ್ಕೊಂಡೈತಿ. ನನಗ ಬ್ಯಾಡವ್ವ."

"ಸಿಂಧನೂರು ಕಚೇರಿ ಸಾಹೇಬ್ರು ನೀರು ನೋಡಾಕ ಎರಡು ಸಲ ಬಂದ್ರು. ಅವತ್ತ ನೀರು ತಿಳಿ ಇದ್ವು. ‘ಚಲೋ ಅದಾವಲ್ಲ’ ಅಂದು ಹೋದ್ರು. ಯಾವತ್ತು ಕೆಡ್ತಾವು ಅಂತ ನಮಗ ಗೊತ್ತಿಲ್ಲಂದ್ರ ಅವರಿಗೆ ಏನಂತ ಹೇಳೂದು?"

ಹೇಗೂ ಬಟ್ಟೆ ಒಗೆಯಲು ಬರಲೇಬೇಕು ಎಂದು ತಿಮ್ಮವ್ವ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಅವಳು ನೋಡಿ ಹೇಳುವುದು, ಕರೀಮಾಬಿ ಬರೆಯುವುದು.

ತಿಮ್ಮವ್ವನ ಗಂಡ ಯಂಕೋಬ ಅದೇ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ. "ಮಾಲಕರಿಗೆ ತಿಳಿದ್ರ ನನ್ನ ಕೆಲಸ ಹೋಗ್ತೈತಿ. ಆಮ್ಯಾಲ ಏನು ತಿಂತಿ?" ಎಂದ. ತಿಮ್ಮವ್ವ ರೊಟ್ಟಿ ಬಡಿದಿಟ್ಟಳು. ಮರುದಿನ ಮತ್ತೆ ಹಳ್ಳಕ್ಕೆ ಹೋದಳು.

ಎರಡು ತಿಂಗಳಾದ ಮೇಲೆ ಕರೀಮಾಬಿ ಅವರ ಮನೆಗೆ ಬಂದು ಬರೆದದ್ದನ್ನೆಲ್ಲ ಓದಿದಳು. ಪ್ರತಿ ಶುಕ್ರವಾರ ಬೆಳಿಗ್ಗೆ ಕರೀ ನೀರು, ನೊರೆ, ಕೋಳಿ ಪುಕ್ಕ. ಬೇರೆ ದಿನ ಇಷ್ಟಿಲ್ಲ. ಯಂಕೋಬ ಹತ್ತಿರ ಬಂದು ಕೂತ.

"ಗುರುವಾರ ಸಂಜಿಕ ಫಾರಂ ತೊಳೀತಾರ. ಮಿಲ್ಲಿನ ನೆಲ್ಲು ನೆನೆಸಿದ ನೀರೂ ಅವತ್ತ ಬಿಡ್ತಾರ" ಎಂದ. "ಅದನ್ನೂ ಬರಿ. ನಮ್ಮ ಕರಾನೂ ಅದ ನೀರು ಕುಡೀತು."

ಬರೆದದ್ದನ್ನೂ ಅರ್ಜಿಯನ್ನೂ ಹಿಡಿದು ಹೆಂಗಸರಿಬ್ಬರೂ ಸಿಂಧನೂರಿನ ಕಚೇರಿಗೆ ಮೂರು ಸಲ ಅಲೆದರು. ಮೂರು ದಿನದ ಕೂಲಿ ಹೋಯಿತು. ನಾಲ್ಕನೆಯ ವಾರ, ಶುಕ್ರವಾರ ಬೆಳಿಗ್ಗೆಯೇ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು ತಾವೇ ಶೀಶೆಗೆ ನೀರು ತುಂಬಿಕೊಂಡರು.

ನೋಟೀಸು ಬಂದು, ಫಾರಂನವರು ಕೊಳೆನೀರಿಗೆ ಗುಂಡಿ ತೋಡುವಷ್ಟರಲ್ಲಿ ಆರು ತಿಂಗಳು. ಮಿಲ್ಲಿನವರು ಇನ್ನೂ ಮಾಡುತ್ತೇವೆ ಎನ್ನುತ್ತಲೇ ಇದ್ದಾರೆ. ಯಂಕೋಬನ ಮಿಲ್ಲಿನ ಕೆಲಸ ಹೋಯಿತು. ಈಗ ಅವನು ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ನೀರು ಅರ್ಧ ತಿಳಿಯಾಗಿದೆ.

"ಸಾಕಾಗೈತಿ ಕರೀಮಾ," ಎನ್ನುತ್ತಾಳೆ ತಿಮ್ಮವ್ವ. "ಆದ್ರ ನಾವು ನೋಡೂದು ಬಿಟ್ರ ಅವರು ಗುಂಡಿ ಮುಚ್ಚತಾರ. ಬರಿ, ಇವತ್ತ ನೊರಿ ಇಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಹಳ್ಳವನ್ನೂ ದಿನಕ್ಕೊಮ್ಮೆ ನೋಡಿ. ತಾರೀಖು, ಹೊತ್ತು, ಬಣ್ಣ, ವಾಸನೆ ಬರೆದಿಡಿ. ಬರೆಯಲು ಬಾರದವರು ನೋಡಿ ಹೇಳಿ, ಬಂದವರು ಬರೆಯಿರಿ. ದಣಿವಾದರೆ ಸರದಿ ಹಾಕಿಕೊಳ್ಳಿ. ನೀರು ಕೆಟ್ಟ ದಿನವೇ ಅಧಿಕಾರಿಗಳನ್ನು ದಂಡೆಗೆ ಕರೆಯಿರಿ. ಒಬ್ಬರಿಂದ ಇದು ಆಗುವ ಕೆಲಸವಲ್ಲ. ನಾಳೆ ಬೆಳಿಗ್ಗೆ ನೆರೆಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.