ಅರವತ್ತಮೂರು

ಎಲ್ಲ ಮುಗಿದು, ಬಂದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದ ಮೇಲೆ ಬಂದ ಮೊದಲ ಸೋಮವಾರ ಅದು. ಅವಳು ಎಂದಿನಂತೆ ಆರಕ್ಕೆ ಎದ್ದಳು. ತಲೆ ಬಾಚಿಕೊಂಡಳು, ಊಟದ ಡಬ್ಬಿ ತುಂಬಿಸಿದಳು. ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ಅಷ್ಟೆ.

“ಇವತ್ತೇ ಹೋಗ್ಬೇಕಾ?” ಅತ್ತೆ ಕೇಳಿದರು.

“ಎಂಟಕ್ಕೆ ಸ್ಯಾಂಪಲ್ ಬರುತ್ತೆ ಅತ್ತೆ.”

“ಹೇಗೆ ಹೋಗ್ತೀಯ?”

ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಆರು ಕಿಲೋಮೀಟರು ದೂರ. ಬಸ್ಸಾದರೆ ಎರಡು ಹತ್ತಬೇಕು, ಎರಡೂ ಹೊತ್ತಿಗೆ ಬರುವ ಜಾತಿಯವಲ್ಲ. ಮದುವೆಯಾದ ನಾಲ್ಕು ವರ್ಷವೂ ಗಂಡ ಲಿಫ್ಟ್ ರಿಪೇರಿಗೆ ಹೊರಟವನು ತನ್ನ ಎಲೆಕ್ಟ್ರಿಕ್ ಸ್ಕೂಟರಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೋಗಿ ಗೇಟಿನ ಹತ್ತಿರ ಇಳಿಸುತ್ತಿದ್ದ. ಎರಡು ವಾರದ ಹಿಂದೆ, ಬೆಳಗಿನ ಜಾವ, ನಿದ್ದೆಯಲ್ಲೇ ಅವನ ಹೃದಯ ನಿಂತಿತು.

“ಗಾಡಿ ಇದೆಯಲ್ಲ,” ಎಂದಳು.

ಅತ್ತೆ ಊಟದ ಡಬ್ಬಿ ತಂದು ಕೈಗಿತ್ತರು.

ಮೆಟ್ಟಿಲ ಕೆಳಗೆ ಸ್ಕೂಟರು ನಿಂತಿತ್ತು. ಕೀಲಿ ತಿರುಗಿಸಿದಾಗ ಪರದೆಯಲ್ಲಿ ಅಂಕಿ ಮೂಡಿತು. ಅರವತ್ತಮೂರು. ಅದು ಬ್ಯಾಟರಿಯಲ್ಲಿ ಉಳಿದಿದ್ದ ಚಾರ್ಜು. ಆ ಕೊನೆಯ ಸಂಜೆ ಅವನೇ ಹಾಕಿದ್ದು. ಅವಳಿಗೆ ಒಂದು ಆಶ್ಚರ್ಯವಾಯಿತು. ನೂರು ತುಂಬದೆ ಪ್ಲಗ್ ಕಿತ್ತವನಲ್ಲ ಅವನು. ಅಂಕಿಯನ್ನೇ ನೋಡುತ್ತ ನಿಂತವಳಿಗೆ, ಅವನು ಮಾಡಿಟ್ಟ ಕೆಲಸಗಳಲ್ಲಿ ಇನ್ನೂ ಖರ್ಚಾಗದೆ ಉಳಿದದ್ದು ಇದೊಂದೇ ಅನ್ನಿಸಿತು.

ಸ್ಕೂಟರು ಕಲಿತದ್ದು ಆಟದ ಮೈದಾನದಲ್ಲಿ, ಅವನು ಹಿಂದೆ ಹಿಂದೆ ಓಡುತ್ತಿದ್ದಾಗ. “ಅದು ನಿಮ್ಮ ಲ್ಯಾಬಿನ ನಲ್ಲಿ ಅಲ್ಲ ಮಾರಾಯ್ತಿ, ಪೂರ್ತಿ ತಿರುಗಿಸ್ಬೇಡ,” ಎಂದು ಕೂಗುತ್ತಿದ್ದ. ಈಗ ಅವಳು ಆಕ್ಸಿಲರೇಟರನ್ನು ಕೂದಲೆಳೆಯಷ್ಟೇ ತಿರುಗಿಸಿದಳು. ಸದ್ದಿಲ್ಲದೆ ಗಾಡಿ ಬೀದಿಗಿಳಿಯಿತು. ತಿರುವಿನಲ್ಲಿ ತರಕಾರಿ ಗಾಡಿಯವಳು ಬೆಚ್ಚಿ ಪಕ್ಕಕ್ಕೆ ಸರಿದಳು.

“ಏನವ್ವಾ, ಒಳ್ಳೆ ದೆವ್ವ ಬಂದ್ಹಾಗೆ ಬರ್ತೀಯ. ಸದ್ದಾದ್ರೂ ಮಾಡಬಾರ್ದಾ?”

ಆ ದಿನವೆಲ್ಲ ತಿರುವಿಗೊಮ್ಮೆ ಹಾರ್ನ್ ಒತ್ತಿದಳು. ಆದರೆ ಹಾರ್ನೂ ಚಾರ್ಜ್ ತಿನ್ನುತ್ತದೇನೋ ಎಂಬ ಅನುಮಾನ ಬಂದು ಮಾರನೆಯ ದಿನ ಹಾರ್ನಿನ ಬದಲು ಕೆಮ್ಮತೊಡಗಿದಳು.

ಹೋಗಲು ಐದು, ಬರಲು ಐದು. ಸೋಮವಾರ ಸಂಜೆಗೆ ಐವತ್ತಮೂರು, ಮಂಗಳವಾರ ನಲವತ್ತಮೂರು. ಅವಳು ಇನ್ನೂ ನಿಧಾನವಾದಳು. ಸೈಕಲ್ಲಿನವರು ಹಿಂದಿಕ್ಕಿ ತಿರುಗಿ ನೋಡಿದರು. ಏನು ಮಾಡಿದರೂ ಅಂಕಿ ತನ್ನ ಲೆಕ್ಕದಲ್ಲೇ ಇಳಿಯಿತು.

“ಚಾರ್ಜ್ ಹಾಕಿದ್ಯಾ?” ಎಂದು ಅತ್ತೆ ದಿನಾ ಕೇಳುವರು.

“ನಾಳೆ ಹಾಕ್ತೀನಿ.”

ಹಾಕಿದರೆ ಅವನದು ಯಾವುದು, ಹೊಸತು ಯಾವುದು ಗೊತ್ತಾಗುವುದಿಲ್ಲ. ನೀರು ಪರೀಕ್ಷಿಸುವವಳಿಗೆ ಅದು ಚೆನ್ನಾಗಿ ಗೊತ್ತು. ಬೆರೆತದ್ದನ್ನು ಬೇರೆ ಮಾಡಲಾಗುವುದಿಲ್ಲ. ಅತ್ತೆಗೆ ಇದನ್ನು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ಚೀಲ ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು. ಅವರದೂ ಇದೇ ಕಂಪನಿಯ ಸ್ಕೂಟರು. ಅವಳದರ ಪಕ್ಕದಲ್ಲೇ ನಿಂತಿತ್ತು. ಸೀಟಿನ ಧೂಳಿನ ಮೇಲೆ ಬೆರಳಲ್ಲಿ ಬರೆದ ಬೆಕ್ಕೊಂದು ಮಲಗಿತ್ತು.

“ಮೇಷ್ಟ್ರೇ, ಗಾಡಿ ತೆಗೆಯೋಲ್ವಾ?”

“ಅದಕ್ಕೂ ಸ್ವಲ್ಪ ರಜಾ ಕೊಟ್ಟಿದೀನಮ್ಮ. ನನಗೂ ಹೊಟ್ಟೆ ಕರಗ್ಲಿ ಅಂತ.” ನಕ್ಕರು. ಆಮೇಲೆ ನಗಬಾರದಿತ್ತೇನೋ ಎಂಬಂತೆ ಚೀಲ ಸರಿಮಾಡಿಕೊಂಡು ಹೊರಟರು.

ಶುಕ್ರವಾರ ಸಂಜೆ ಹದಿಮೂರು ಉಳಿಯಿತು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಬಟ್ಟೆಯ ಚೀಲದಿಂದ ಚಾರ್ಜರ್ ಹೊರತೆಗೆದಳು. ವೈರನ್ನು ಒಪ್ಪವಾಗಿ ಸುತ್ತಿ ದಾರ ಕಟ್ಟಿತ್ತು. ಮಗ್ಗುಲು ತಿರುಗಿಸಿದರೆ ಹಳದಿ ಬಣ್ಣದಲ್ಲಿ ಪುಟ್ಟ ಬೆಕ್ಕು, ಬಾಲ ಮೇಲೆತ್ತಿಕೊಂಡು ನಿಂತಿತ್ತು.

“ಅತ್ತೆ, ಇದು ಯಾರದು?”

ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಕುರ್ಚಿಯಲ್ಲಿ ಕುಸಿದರು. “ಅಯ್ಯೋ, ನನ್ನ ಮರೆವಿಗಿಷ್ಟು. ಮೇಷ್ಟ್ರದ್ದು ಕಣೆ. ನಿನಗೆ ಹೇಳ್ಬೇಡ ಅಂದಿದ್ದ ಅವನು.”

“ಏನನ್ನ?”

“ನಮ್ಮ ಚಾರ್ಜರ್ ಯಾಕೋ ಗುಯ್ ಅಂತಿತ್ತಂತೆ. ಬಿಚ್ಚಿದ. ಲಿಫ್ಟೇ ಬಿಚ್ಚೋನಿಗೆ ಇದೇನು ಮಹಾ ಅಂದ. ಟಪ್ ಅಂತು, ಹೊಗೆ ಬಂತು. ನೀನು ಆಡ್ಕೋತೀಯ ಅಂತ ಮಂಚದ ಕೆಳಗೆ ಬಚ್ಚಿಟ್ಟು, ಕೆಳಗಿಂದ ಇದನ್ನ ತಂದ. ಮೇಷ್ಟ್ರಿಗೂ ಬೆಳಿಗ್ಗೆ ಬೇಕಲ್ಲ, ಅರ್ಧ ತುಂಬಿದ್ರೆ ಸಾಕು ಅಂತ ಕಿತ್ತು ಚೀಲಕ್ಕೆ ಹಾಕ್ದ. ಎದ್ದ ತಕ್ಷಣ ಕೊಡ್ಬೇಕು ಅಂತಿದ್ದ.”

ಅರವತ್ತಮೂರು ಯಾಕೆಂದು ಅವಳಿಗೆ ಈಗ ಗೊತ್ತಾಯಿತು. ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ನಗು, ಚಿಕ್ಕದು, ಮೂಗಿನಲ್ಲೇ ಮುಗಿಯುವಂಥದು.

“ಆಡ್ಕೋತಿದ್ದೆ,” ಎಂದಳು. “ಒಂದು ತಿಂಗಳಾದ್ರೂ ಬಿಡ್ತಿರ್ಲಿಲ್ಲ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಮ್ಮ ಗಾಡಿಗೆ ಮೊದ್ಲು ಹಾಕ್ಕೊಂಡು ಆಮೇಲೆ ಕೊಡು. ಇಷ್ಟು ದಿನ ಸುಮ್ಮನಿದ್ದೋರು ಒಂದು ರಾತ್ರಿಗೇನು ಬೇಡ ಅನ್ನಲ್ಲ.”

“ಬೇಡ ಅನ್ನಲ್ಲ, ಅದಕ್ಕೇ ಈಗ್ಲೇ ಕೊಡ್ತೀನಿ.”

ಕೆಳಗಿಳಿದಳು. ಮೇಷ್ಟ್ರು ಬಾಗಿಲು ತೆರೆದರು. ಕೈತುಂಬ ನೀಲಿ ಬಣ್ಣ. ಬಟ್ಟೆಯ ಚೀಲ ಕಂಡು ಅವರ ಮುಖ ಪೆಚ್ಚಾಯಿತು.

“ಇದಕ್ಕೇನಮ್ಮ ಅವಸರ ಇತ್ತು?”

“ಅವಸರ ಅವರದು ಮೇಷ್ಟ್ರೇ. ಮರುದಿನ ಬೆಳಿಗ್ಗೆನೇ ಕೊಡ್ಬೇಕು ಅಂತಿದ್ರಂತೆ. ತಡ ಆಗಿದ್ದು ನಂದು. ಒಂದು ಮಾತು ಕೇಳಬಾರ್ದಿತ್ತಾ?”

“ಹೇಗೆ ಕೇಳೋದು?” ಎಂದರು ಅವರು.

ಅವಳು ಚೀಲವನ್ನು ಮುಂದೆ ಚಾಚಿದಳು.

“ನಿಮ್ಮ ಗಾಡಿಗೆ?”

“ಹದಿಮೂರಿದೆ. ಚಾರ್ಜರ್ ಅಂಗಡಿ ಎಷ್ಟು ದೂರ?”

“ದೊಡ್ಡ ವೃತ್ತ ದಾಟಿದ್ಮೇಲೆ. ನಾಲ್ಕು ಕಿಲೋಮೀಟರ್ ಇದ್ದೀತು.”

“ಹೋಗಿ ಬರೋಕೆ ಸಾಕು. ನಾಳೆ ರಜಾನೇ.”

ಮೇಷ್ಟ್ರು ಬಣ್ಣದ ಕೈ ಹಿಂದಕ್ಕೆಳೆದು, ಮೊಣಕೈ ಮುಂದೆ ಚಾಚಿದರು. ಅವಳು ಚೀಲವನ್ನು ಅದಕ್ಕೆ ತಗುಲಿಹಾಕಿದಳು. ಒಳಗೆ ಅವನು ಕಟ್ಟಿದ ದಾರದ ಗಂಟು ಹಾಗೇ ಇತ್ತು.